ಲಸಿಕೆ ಹಾಕಿಸಿಕೊಂಡ ಭುಜ ಎಂಟು ತಿಂಗಳಾದರೂ ಏಳುತ್ತಿಲ್ಲ: ಅಮೆರಿಕದಲ್ಲಿ ಪರಿಹಾರ ಕೇಳುವುದು ಹೇಗೆ?

ಪ್ರಶ್ನೆ: ನಾನು ಟೆಕ್ಸಾಸ್‌ನ ಪ್ಲೇನೋದಲ್ಲಿದ್ದೇನೆ, ಎಚ್-1ಬಿ ವೀಸಾ. ವಯಸ್ಸು 44, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. 2024ರ ಅಕ್ಟೋಬರ್ 12, ವಿಜಯದಶಮಿಯ ದಿನ, ಫಾರ್ಮಸಿಯೊಂದರಲ್ಲಿ ಫ್ಲೂ ಲಸಿಕೆ ಎಡತೋಳಿಗೂ ಕೋವಿಡ್ ಲಸಿಕೆ ಬಲತೋಳಿಗೂ ಹಾಕಿಸಿಕೊಂಡೆ. ಅವತ್ತು ರಾತ್ರಿಯೇ ಎಡಭುಜ ಹಿಡಿದುಕೊಂಡಿತು. ನವೆಂಬರ್‌ನಲ್ಲಿ ಸಕ್ಕರೆ ತಪಾಸಣೆಗೆ ಹೋದಾಗ ಭುಜದ ವಿಷಯ ಹೇಳಲಿಲ್ಲ. ಜನವರಿ ಮಧ್ಯದಲ್ಲಿ ತೋರಿಸಿದಾಗ ಡಾಕ್ಟರು ‘ಎರಡು ತಿಂಗಳಿಂದ ನೋವು’ ಎಂದು ಬರೆದಿದ್ದಾರೆ. ಎಂಆರ್‌ಐನಲ್ಲಿ ಬರ್ಸೈಟಿಸ್ (ಕೀಲಿನ ದ್ರವಚೀಲದ ಉರಿಯೂತ) ಎಂದು ಬಂತು. ಫಿಸಿಯೋಥೆರಪಿ ಮಾರ್ಚ್‌ಗೆ ಮುಗಿಯಿತು. ಈಗ 2025ರ ಜೂನ್, ಜಡೆ ಹೆಣೆದುಕೊಳ್ಳಲು ಇನ್ನೂ ಆಗುತ್ತಿಲ್ಲ. ಫಾರ್ಮಸಿಯ ದಾಖಲೆಯಲ್ಲಿ ಎರಡೂ ಲಸಿಕೆ ‘ಬಲತೋಳು’ ಎಂದಿದೆ. ಪರಿಹಾರ ಕೇಳಬಹುದೇ? ವೀಸಾಗೆ ತೊಂದರೆಯಾಗುತ್ತದೆಯೇ? ಮೈಸೂರಿನಿಂದ ಬಂದಿದ್ದ ಅಮ್ಮನಿಗೂ ಇಲ್ಲೇ ಸರ್ಪಸುತ್ತಿನ ಲಸಿಕೆ ಹಾಕಿಸಿದ ಮೇಲೆ ಇದೇ ತೊಂದರೆ. ಅವರ ಗತಿಯೇನು?

ಉತ್ತರ: ಕೇಳಬಹುದು. ನಿಮ್ಮ ಪ್ರಕರಣದಲ್ಲಿ ಕಾನೂನು ನಿಮ್ಮ ಕಡೆಗಿದೆ, ಕಾಗದ ಮಾತ್ರ ಇನ್ನೂ ನಿಮ್ಮ ಕಡೆಗಿಲ್ಲ. ಎಡ-ಬಲದ ತಪ್ಪು, ನವೆಂಬರ್‌ನ ಮೌನ, ‘ಎರಡು ತಿಂಗಳು’ ಎಂಬ ಬರಹ, ಮಾರ್ಚ್‌ನಲ್ಲಿ ನಿಂತ ಚಿಕಿತ್ಸೆ, ಈ ನಾಲ್ಕನ್ನೂ ಎದುರು ಪಕ್ಷ ಹಿಡಿದುಕೊಳ್ಳುತ್ತದೆ. ನಾಲ್ಕಕ್ಕೂ ದಾರಿಯಿದೆ, ಆದರೆ ಒಂದಕ್ಕೆ ಈ ತಿಂಗಳೇ ಕೆಲಸ ಆಗಬೇಕು.

ಮೊದಲು ಇದೇನು ಗಾಯ ಎಂಬುದು. ಲಸಿಕೆಯ ಸೂಜಿ ಹೋಗಬೇಕಾದದ್ದು ಡೆಲ್ಟಾಯ್ಡ್ ಸ್ನಾಯುವಿನ ದಪ್ಪ ಭಾಗಕ್ಕೆ, ಅಂದರೆ ಭುಜದ ತುದಿಯ ಎಲುಬಿನಿಂದ ಎರಡು-ಮೂರು ಬೆರಳಗಲ ಕೆಳಕ್ಕೆ, ಕಂಕುಳಿನ ಮಟ್ಟಕ್ಕಿಂತ ಮೇಲೆ, ಚರ್ಮಕ್ಕೆ 90 ಡಿಗ್ರಿಯಲ್ಲಿ. ಅದಕ್ಕಿಂತ ಮೇಲೆ ಚುಚ್ಚಿದರೆ ಸೂಜಿ ಸ್ನಾಯುವನ್ನು ಬಿಟ್ಟು ಅದರಡಿಯ ಬರ್ಸಾ ಎಂಬ ದ್ರವದ ಚೀಲಕ್ಕೋ ಭುಜವನ್ನು ತಿರುಗಿಸುವ ರೊಟೇಟರ್ ಕಫ್‌ನ ಸ್ನಾಯುರಜ್ಜುವಿಗೋ ತಗಲುತ್ತದೆ. ರೋಗನಿರೋಧಕ ಪ್ರತಿಕ್ರಿಯೆ ಹುಟ್ಟಿಸಲೆಂದೇ ಮಾಡಿದ ದ್ರವ್ಯ ಅಲ್ಲಿ ಇಳಿದಾಗ ಉರಿಯೂತ ಅಲ್ಲೇ ಮನೆ ಮಾಡುತ್ತದೆ. ಅಂಗಿಯ ತೋಳು ಮಡಿಸುವ ಬದಲು ಅದರ ಕತ್ತನ್ನು ಕೆಳಗೆಳೆದು ಭುಜದ ತುದಿ ಮಾತ್ರ ತೋರಿಸಿದಾಗ, ಅಥವಾ ಕುಳಿತವರಿಗೆ ನಿಂತುಕೊಂಡು ಚುಚ್ಚಿದಾಗ ಸೂಜಿ ಮೇಲಾಗುವುದು ಹೆಚ್ಚು. ಮಾಮೂಲಿ ತೋಳುನೋವು ಎರಡು-ಮೂರು ದಿನದಲ್ಲಿ ಇಳಿಯುತ್ತದೆ. ಇದು ಇಳಿಯುವುದಿಲ್ಲ, ಕೈ ಎತ್ತುವ ಅಳತೆಯೂ ಕುಗ್ಗುತ್ತದೆ. ಇದಕ್ಕೆ ಅಮೆರಿಕದ ಕಾನೂನಿನಲ್ಲಿರುವ ಹೆಸರು ಸಿರ್ವಾ (SIRVA), ಅಂದರೆ ಲಸಿಕೆ ಚುಚ್ಚಿದ್ದರಿಂದಾದ ಭುಜದ ಗಾಯ. ಇದರರ್ಥ ಲಸಿಕೆ ಕೆಟ್ಟದೆಂದಲ್ಲ. ಸೂಜಿ ಹೋದ ಜಾಗ ತಪ್ಪು.

ಪರಿಹಾರ ಕೊಡುವುದು ಫಾರ್ಮಸಿಯಲ್ಲ, ಲಸಿಕೆ ಕಂಪನಿಯೂ ಅಲ್ಲ. 1986ರ ಕಾಯ್ದೆಯಡಿ 1988ರಿಂದ ನಡೆಯುತ್ತಿರುವ ವಿಐಸಿಪಿ (VICP) ಎಂಬ ರಾಷ್ಟ್ರೀಯ ಲಸಿಕೆ-ಗಾಯ ಪರಿಹಾರ ಯೋಜನೆಯಿದೆ. ಪ್ರತಿ ಡೋಸ್‌ನ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟ್‌ನಂತೆ ಸುಂಕ ಕೂಡಿಸಿ ಕಟ್ಟಿದ ನಿಧಿ ಅದು. ನಿಮ್ಮ ಫ್ಲೂ ಲಸಿಕೆಯ ಬೆಲೆಯಲ್ಲೂ ಆ 75 ಸೆಂಟ್ ಸೇರಿತ್ತು. ಅರ್ಜಿ ಹೋಗುವುದು ವಾಷಿಂಗ್ಟನ್‌ನ ಯು.ಎಸ್. ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್‌ಗೆ; ಎದುರುದಾರರು ಕೇಂದ್ರದ ಆರೋಗ್ಯ ಕಾರ್ಯದರ್ಶಿ, ಅವರ ಪರ ವಾದಿಸುವುದು ನ್ಯಾಯ ಇಲಾಖೆ; ತೀರ್ಪು ಕೊಡುವುದು ‘ಸ್ಪೆಷಲ್ ಮಾಸ್ಟರ್’ ಎನಿಸಿಕೊಂಡ ಅಧಿಕಾರಿ. ಚುಚ್ಚಿದವರ ಅಜಾಗರೂಕತೆಯನ್ನು ನೀವು ಸಾಬೀತು ಮಾಡಬೇಕಿಲ್ಲ. ಯಾವ ಲಸಿಕೆಗೆ ಯಾವ ಗಾಯ ಎಂಬ ಯೋಜನೆಯ ಕೋಷ್ಟಕದಲ್ಲಿ ಬರೆದ ಲಕ್ಷಣ ನಿಮಗೆ ಹೊಂದಿದರೆ ಗಾಯ ಲಸಿಕೆಯಿಂದಲೇ ಆಯಿತೆಂದು ಊಹಿಸಿಕೊಳ್ಳುತ್ತಾರೆ, ಅಲ್ಲವೆಂದು ತೋರಿಸುವ ಹೊರೆ ಸರ್ಕಾರದ್ದು.

ಸಿರ್ವಾ ಆ ಕೋಷ್ಟಕಕ್ಕೆ ಸೇರಿದ್ದು 2017ರ ಮಾರ್ಚ್ 21ರಿಂದ. 2021ರ ಜನವರಿಯಲ್ಲಿ ಅದನ್ನು ಕಿತ್ತುಹಾಕುವ ನಿಯಮ ಹೊರಟಿತು, ಏಪ್ರಿಲ್‌ನಲ್ಲಿ ಆ ನಿಯಮವನ್ನೇ ಹಿಂಪಡೆದರು. ಇದನ್ನು ಹೇಳಲು ಕಾರಣವಿದೆ: ಅನ್ವಯವಾಗುವುದು ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಕೋಷ್ಟಕ. ಅರ್ಜಿಗೆ ಮೂರು ವರ್ಷ ಇದೆಯಲ್ಲ ಎಂದು ಕೂರುವುದು ಜಾಣತನವಲ್ಲ.

ಕೋಷ್ಟಕ ಕೇಳುವುದು ನಾಲ್ಕು ವಿಷಯ. ಆ ಭುಜಕ್ಕೆ ಈಗಿನ ತೊಂದರೆಯನ್ನು ವಿವರಿಸಬಲ್ಲ ಹಳೆಯ ನೋವು, ಉರಿಯೂತ ಇರಬಾರದು. ನೋವು ಲಸಿಕೆಯಾದ 48 ಗಂಟೆಯೊಳಗೆ ಶುರುವಾಗಿರಬೇಕು. ನೋವೂ ಚಲನೆಯ ಕೊರತೆಯೂ ಚುಚ್ಚಿದ ಭುಜಕ್ಕೆ ಸೀಮಿತವಾಗಿರಬೇಕು. ನರದ ತೊಂದರೆಯಂಥ ಬೇರೆ ಕಾರಣ ಕಾಣಬಾರದು. ಇವುಗಳ ಹೊರಗೆ ಎರಡು ಶರತ್ತು: ತೊಂದರೆಯ ಶೇಷ ಲಸಿಕೆಯ ದಿನದಿಂದ ಆರು ತಿಂಗಳು ದಾಟಿ ಉಳಿದಿರಬೇಕು (ಇಲ್ಲವೇ ಆಸ್ಪತ್ರೆಗೆ ಸೇರಿ ಶಸ್ತ್ರಚಿಕಿತ್ಸೆ ಆಗಿರಬೇಕು), ಮತ್ತು ಮೊದಲ ಲಕ್ಷಣದ ದಿನದಿಂದ 36 ತಿಂಗಳೊಳಗೆ ಅರ್ಜಿ ಬೀಳಬೇಕು. ನಿಮಗೆ ಅದು 2027ರ ಅಕ್ಟೋಬರ್ 12. ಗಡುವು ಎಣಿಸುವುದು ನೋವು ಶುರುವಾದ ದಿನದಿಂದ. ಡಾಕ್ಟರು ಕಾಯಿಲೆಗೆ ಹೆಸರಿಟ್ಟ ದಿನದಿಂದಲೋ ಸಿರ್ವಾ ಎಂಬುದು ನಿಮ್ಮ ಕಿವಿಗೆ ಬಿದ್ದ ದಿನದಿಂದಲೋ ಅಲ್ಲ. ಎಷ್ಟೋ ಒಳ್ಳೆಯ ಪ್ರಕರಣಗಳು ಮುಳುಗುವುದು ಇಲ್ಲೇ.

ಈಗ ತುರ್ತಿನ ವಿಷಯ. ನಿಮ್ಮ ಆರು ತಿಂಗಳು ತುಂಬಿದ್ದು 2025ರ ಏಪ್ರಿಲ್ 12ಕ್ಕೆ. ಕೊನೆಯ ದಾಖಲೆ ಮಾರ್ಚ್‌ನದು, ಅಂದರೆ ಐದು ತಿಂಗಳಿನದು. ಫಿಸಿಯೋ ಮುಗಿಸುವಾಗ ಬರೆಯುವ ಡಿಸ್ಚಾರ್ಜ್ ಟಿಪ್ಪಣಿಯಲ್ಲಿ ‘ಗುರಿ ಮುಟ್ಟಿದೆ’ ಎಂಬ ಸಾಲಿದ್ದರಂತೂ ಸರ್ಕಾರದ ವಕೀಲರು ಅದನ್ನೇ ಗುಣವಾದ ದಿನವೆಂದು ವಾದಿಸುತ್ತಾರೆ. ಆದ್ದರಿಂದ ಈ ವಾರವೇ ಮೂಳೆ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಮಾರ್ಚ್ ಆದ ಮೇಲೂ ಮನೆಯಲ್ಲಿ ವ್ಯಾಯಾಮ ಮಾಡುತ್ತಿದ್ದರೆ, ನೋವಿನ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ; ಫಿಸಿಯೋ ಬರೆದುಕೊಟ್ಟ ವ್ಯಾಯಾಮ ಮುಂದುವರಿದಿದೆ ಎಂಬುದು ಶೇಷ ಉಳಿದಿರುವುದಕ್ಕೆ ಪುರಾವೆ. ನಡುವಿನ ಮೂರು ತಿಂಗಳು ಏಕೆ ಬರಲಿಲ್ಲ ಎಂಬುದು, ಅದು ಇನ್ಶೂರೆನ್ಸ್‌ನ ಭೇಟಿಗಳ ಮಿತಿಯೋ ಪ್ರತಿ ಭೇಟಿಗೆ ಕೈಯಿಂದ ಕೊಡುವ ಕೋ-ಪೇ ಭಾರವೋ, ದಾಖಲೆಗೆ ಬರಲಿ. ಉತ್ಪ್ರೇಕ್ಷೆ ಮಾತ್ರ ಬೇಡ. ಎಷ್ಟು ಇದೆಯೋ ಅಷ್ಟೇ.

ಆ ಭೇಟಿಯಲ್ಲಿ ಎರಡೂ ಭುಜದ ಚಲನೆಯನ್ನು ಕೋನ ಅಳೆಯುವ ಗೋನಿಯೋಮೀಟರ್ ಹಿಡಿದು ಅಳೆದು ಬರೆಯುವಂತೆ ಕೇಳಿ. ಮುಂದಕ್ಕೆ ಎತ್ತುವುದು, ಪಕ್ಕಕ್ಕೆ ಎತ್ತುವುದು, ಹೊರಕ್ಕೆ ತಿರುಗಿಸುವುದು, ಬೆನ್ನ ಹಿಂದೆ ಹೆಬ್ಬೆರಳು ಯಾವ ಕಶೇರುಮಣಿ ಮುಟ್ಟುತ್ತದೆ ಎಂಬುದು. ‘ಚಲನೆ ಕಡಿಮೆ’ ಎಂಬ ಎರಡು ಪದಕ್ಕೆ ಕೋರ್ಟಿನಲ್ಲಿ ತೂಕವಿಲ್ಲ. ‘ಬಲಗೈ ಪಕ್ಕಕ್ಕೆ 175 ಡಿಗ್ರಿ, ಎಡಗೈ 110’ ಎಂಬಂಥ ಸಾಲು ತಾನೇ ವಾದಿಸುತ್ತದೆ. ಫಿಸಿಯೋ ಕೇಂದ್ರದಲ್ಲಿ ದೇಹದ ಚಿತ್ರ ಕೊಟ್ಟು ನೋವಿನ ಜಾಗ ಗುರುತಿಸಲು ಹೇಳುತ್ತಾರಲ್ಲ, ಅದರ ಬಗ್ಗೆ ಎಚ್ಚರ. ಕಂಪ್ಯೂಟರ್ ಕೆಲಸದವರಿಗೆ ಕತ್ತುನೋವು ಇದ್ದೇ ಇರುತ್ತದೆ, ಭುಜದ ಜೊತೆಗೆ ಅದನ್ನೂ ಗೀಚಿಬಿಡುತ್ತಾರೆ. ಕತ್ತುನೋವು ಬೇರೆಯದೇ ಆಗಿದ್ದರೆ, ಹಳೆಯದಾಗಿದ್ದರೆ, ಹಾಗೆಂದು ಬಾಯಿಬಿಟ್ಟು ಹೇಳಿ. ‘ನೋವು ಭುಜಕ್ಕೆ ಸೀಮಿತ’ ಎಂಬ ಮೂರನೇ ವಿಷಯ ಒಡೆಯುವುದು ಸಾಮಾನ್ಯವಾಗಿ ಇಂಥ ಗೀಚಿನಿಂದ.

‘ಎರಡು ತಿಂಗಳಿಂದ’ ಎಂಬ ಬರಹಕ್ಕೆ ಬರೋಣ. ಜನವರಿ ಮಧ್ಯದಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಿದರೆ ನವೆಂಬರ್ ಮಧ್ಯ. ನಿಮ್ಮ ಲಸಿಕೆ ಅಕ್ಟೋಬರ್ 12. ಬರೆದದ್ದನ್ನು ಅಳಿಸಲು ಡಾಕ್ಟರನ್ನು ಒತ್ತಾಯಿಸಬೇಡಿ. ತಿದ್ದುಪಡಿ ಕೋರುವ ಹಕ್ಕು ನಿಮಗಿದೆ, ನಿಜ. ಆದರೆ ಅರ್ಜಿಗೆ ಮುಂಚೆ ಹಠಾತ್ತನೆ ಬದಲಾದ ದಾಖಲೆ ಮೂಲಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸುತ್ತದೆ. ಮೂಲ ಹಾಗೇ ಇರಲಿ. ಮುಂದಿನ ಭೇಟಿಯಲ್ಲಿ ತಾರೀಕು ಸಹಿತ ಸರಿಯಾದ ವಿವರ ಹೇಳಿ. ಕಾಯ್ದೆಯೇ ಇಲ್ಲಿ ಕೈಹಿಡಿಯುತ್ತದೆ: ಶುರುವಾದ ದಿನ ದಾಖಲಾಗದಿದ್ದರೂ, ತಪ್ಪಾಗಿ ದಾಖಲಾಗಿದ್ದರೂ ನೋವು ಆ 48 ಗಂಟೆಯೊಳಗೇ ಆರಂಭವಾಯಿತೆಂದು ಸ್ಪೆಷಲ್ ಮಾಸ್ಟರ್ ತೀರ್ಮಾನಿಸಬಹುದು. ಒಟ್ಟು ಪ್ರಕರಣವನ್ನು ಮಾತ್ರ ಅರ್ಜಿದಾರರ ಮಾತೊಂದನ್ನೇ ನಂಬಿ ಗೆಲ್ಲಿಸುವಂತಿಲ್ಲ, ವೈದ್ಯಕೀಯ ದಾಖಲೆಯೋ ವೈದ್ಯರ ಅಭಿಪ್ರಾಯವೋ ಬೆನ್ನಿಗಿರಬೇಕು.

ಇಲ್ಲಿ ನಿಮ್ಮ ಫೋನು ದೊಡ್ಡ ಸಾಕ್ಷಿ. ಅವತ್ತು ವಿಜಯದಶಮಿ. ‘ತೋಳು ಎತ್ತೋಕೇ ಆಗ್ತಿಲ್ಲ’ ಎಂದು ಊರಿಗೆ ವಾಟ್ಸ್ಯಾಪ್ ಹಾಕಿದ್ದೀರಾ? ಬನ್ನಿ ಕೊಡಲು ಬಂದವರ ಹತ್ತಿರ ಹೇಳಿಕೊಂಡಿದ್ದೀರಾ? ಆಫೀಸಿಗೆ ಸೋಮವಾರ ರಜೆಯ ಇಮೇಲ್ ಹೋಗಿದೆಯೇ? ನೋವಿನ ಮಾತ್ರೆ ಕೊಂಡ ರಸೀದಿ ಇದೆಯೇ? ಚಾಟ್ ಅನ್ನು ತಾರೀಕು, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಪೂರ್ತಿ ಚಾಟನ್ನೂ ಎಕ್ಸ್‌ಪೋರ್ಟ್ ಮಾಡಿಡಿ. ಕನ್ನಡದ ಸಂದೇಶಕ್ಕೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಇನ್ನೊಂದು ಸೂಕ್ಷ್ಮ: ಮೈಸೂರಿನವರ ಫೋನಿನಿಂದ ತೆಗೆದ ಸ್ಕ್ರೀನ್‌ಶಾಟ್ ಭಾರತದ ಹೊತ್ತು ತೋರಿಸುತ್ತದೆ. ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ಗಿಂತ ಅದು ಹತ್ತೂವರೆ ಗಂಟೆ ಮುಂದೆ. 48 ಗಂಟೆಯ ಲೆಕ್ಕದಲ್ಲಿ ಇದು ತಾರೀಕನ್ನೇ ಬದಲಿಸಬಹುದು, ಅನುವಾದದ ಜೊತೆಗೇ ನಮೂದಿಸಿ. ಊರಿನ ಸಂಬಂಧಿಕರು ಸಾಕ್ಷಿ ಹೇಳಿಕೆ ಕೊಡುವುದಾದರೆ ನೋಟರಿಯ ಅಗತ್ಯವಿಲ್ಲ, ‘ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ’ ಎಂಬ ಘೋಷಣೆ, ತಾರೀಕು, ಸಹಿ ಸಾಕು. ಆದರೆ ಅಮೆರಿಕದ ಹೊರಗೆ ಸಹಿ ಹಾಕುವವರ ಘೋಷಣೆಯಲ್ಲಿ ‘ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನುಗಳ ಅಡಿಯಲ್ಲಿ’ ಎಂಬ ಮಾತು ಸೇರಲೇಬೇಕು. ಅದನ್ನು ಬಿಟ್ಟು ಕಳಿಸಿ ಮತ್ತೆ ಬರೆಸುವ ಪಾಡು ಬೇಡ.

ನವೆಂಬರ್‌ನ ಸಕ್ಕರೆ ತಪಾಸಣೆಯಲ್ಲಿ ಭುಜದ ಮಾತೇ ಇಲ್ಲದ್ದು ನೋಡಲು ಕೆಟ್ಟದಾಗಿದೆ, ಆದರೆ ಅಷ್ಟಕ್ಕೇ ಪ್ರಕರಣ ಬೀಳುವುದಿಲ್ಲ. ಬೇರೆ ಕಾಯಿಲೆಗೆ ಹೋದ ಹತ್ತು ನಿಮಿಷದ ಭೇಟಿಯಲ್ಲಿ ಭುಜದ ಮಾತು ಬಾರದಿರುವುದು ಸಹಜ, ‘ತಾನಾಗಿ ಹೋಗುತ್ತದೆ’ ಎಂದು ಕಾಯುವುದೂ ಸಹಜ. ಇದನ್ನು ಸ್ಪೆಷಲ್ ಮಾಸ್ಟರ್‌ಗಳು ಎಷ್ಟೋ ತೀರ್ಪುಗಳಲ್ಲಿ ಒಪ್ಪಿದ್ದಾರೆ. ಆ ಭೇಟಿಯ ಟಿಪ್ಪಣಿಯಲ್ಲಿ ‘ಕೀಲು, ಸ್ನಾಯು: ನೋವಿಲ್ಲ’ ಎಂಬ ಸಿದ್ಧ ಸಾಲಿದೆಯೇ ನೋಡಿ. ಇದ್ದರೆ ಅದು ಟೆಂಪ್ಲೇಟಿನ ಸಾಲೇ, ನಿಜವಾಗಿ ಕೇಳಿ ಬರೆದದ್ದೇ ಎಂಬ ವಾದಕ್ಕೆ ವಕೀಲರು ಸಿದ್ಧರಾಗಬೇಕು. ತಡವಾಗಿ ಚಿಕಿತ್ಸೆಗೆ ಹೋದದ್ದು ಅರ್ಹತೆಗಿಂತ ಹೆಚ್ಚಾಗಿ ಪರಿಹಾರದ ಮೊತ್ತವನ್ನು ತಿನ್ನುತ್ತದೆ: ‘ಮೂರು ತಿಂಗಳು ತಡೆದುಕೊಂಡರೆಂದರೆ ನೋವು ಅಷ್ಟೇನೂ ಇರಲಿಲ್ಲ’ ಎನ್ನುತ್ತಾರೆ.

ಎಡ-ಬಲದ ಗೊಂದಲ ನೀವು ಅಂದುಕೊಂಡಷ್ಟು ಅಪರೂಪವಲ್ಲ. ಫಾರ್ಮಸಿಯ ನಮೂನೆಯಲ್ಲಿ ತೋಳಿನ ಕಾಲಂ ಎಷ್ಟೋ ಸಲ ಚುಚ್ಚುವುದಕ್ಕೆ ಮುಂಚೆಯೇ ತುಂಬಿರುತ್ತದೆ. ಕೋರ್ಟಿಗೂ ಇದು ಗೊತ್ತು. ನಿಮ್ಮ ಪುಣ್ಯಕ್ಕೆ ಎಡಭುಜದ ಎಂಆರ್‌ಐ ಇದೆ, ಜನವರಿಯಿಂದ ಎಲ್ಲ ಡಾಕ್ಟರಿಗೂ ಒಂದೇ ಮಾತು ಹೇಳಿದ್ದೀರಿ ಎಂದಾದರೆ ಅದೂ ಇದೆ. ಅವತ್ತು ಬ್ಯಾಂಡೇಜ್ ಅಂಟಿಸಿದ ತೋಳಿನ ಫೋಟೋ ಸಿಕ್ಕರೆ ಎಡತೋಳಿಗೂ ಚುಚ್ಚಿದ್ದಕ್ಕೆ ಗಟ್ಟಿ ಸಾಕ್ಷಿ. ಹಬ್ಬದ ದಿನ, ಯಾರಾದರೂ ತೆಗೆದಿರುತ್ತಾರೆ, ಹುಡುಕಿ. ನಿಮಗೆ ತೋಳು ಮುಖ್ಯವಾಗಲು ಇನ್ನೊಂದು ಕಾರಣ ಕೋವಿಡ್ ಲಸಿಕೆ. ಅದು ವಿಐಸಿಪಿಗೆ ಸೇರಿಲ್ಲ, ಸಿಐಸಿಪಿ ಎಂಬ ಬೇರೆ ಯೋಜನೆಗೆ ಸೇರುತ್ತದೆ. ಅಲ್ಲಿ ಗಡುವು ಲಸಿಕೆಯ ದಿನದಿಂದ ಒಂದೇ ವರ್ಷ, ಅಂದರೆ 2025ರ ಅಕ್ಟೋಬರ್ 12. ನೋವು-ಸಂಕಟಕ್ಕೆ ಅಲ್ಲಿ ಒಂದು ಡಾಲರೂ ಇಲ್ಲ, ವಕೀಲರ ಫೀಸೂ ಇಲ್ಲ, ಕೋರ್ಟಿಗೆ ಮೇಲ್ಮನವಿಯೂ ಇಲ್ಲ. ಇನ್ಶೂರೆನ್ಸ್ ಕೊಡದೆ ಉಳಿದ ಖರ್ಚು ಮತ್ತು ಕಳೆದುಹೋದ ಸಂಬಳದ ಒಂದು ಭಾಗ ಮಾತ್ರ. ಬಂದ ಸಾವಿರಾರು ಅರ್ಜಿಗಳಲ್ಲಿ ಹಣ ಸಿಕ್ಕಿದ್ದು ತೀರ ಕೆಲವರಿಗೆ. ‘ಎರಡೂ ಕಡೆ ಒಂದೊಂದು ಅರ್ಜಿ ಒಗೆದುಬಿಡೋಣ’ ಎಂದು ಹೊರಡಬೇಡಿ. ಎಡಭುಜಕ್ಕೆ ಕೋವಿಡ್ ಲಸಿಕೆ ಕಾರಣ ಎಂದು ಒಂದು ಕಡೆ ಸಹಿ ಹಾಕಿ, ಫ್ಲೂ ಲಸಿಕೆ ಕಾರಣ ಎಂದು ಇನ್ನೊಂದು ಕಡೆ ಸಹಿ ಹಾಕಿದರೆ ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕಿಕೊಂಡಂತೆ. ಯಾವುದು ಯಾವ ತೋಳಿಗೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರಿಗೆ ಭುಜ ತಾನಾಗಿಯೇ ಬಿಗಿಯುವುದುಂಟು, ಫ್ರೋಜನ್ ಶೋಲ್ಡರ್ ಎನ್ನುತ್ತಾರಲ್ಲ ಅದು. ಥೈರಾಯ್ಡ್ ಇದ್ದವರಿಗೂ ಅಷ್ಟೆ. ಸರ್ಕಾರದ ಕಡೆಯ ವೈದ್ಯರು ಇದನ್ನು ಎತ್ತುವುದು ಖಂಡಿತ. ಉತ್ತರ ಇರುವುದು ಶುರುವಾದ ರೀತಿಯಲ್ಲಿ: ಸಕ್ಕರೆಯಿಂದ ಬಿಗಿಯುವ ಭುಜ ವಾರಗಟ್ಟಲೆ ನಿಧಾನವಾಗಿ ಬಿಗಿಯುತ್ತದೆ, ಚುಚ್ಚಿದ ರಾತ್ರಿ ಹಠಾತ್ತನೆ ಹಿಡಿಯುವುದಿಲ್ಲ. ಹಾಗಾಗಿ ಮತ್ತೆ ಅದೇ ಅಕ್ಟೋಬರ್ 12ರ ರಾತ್ರಿಗೆ ಬರುತ್ತೇವೆ.

ಸಂಗ್ರಹಿಸಬೇಕಾದ ದಾಖಲೆ: ಫಾರ್ಮಸಿಯಿಂದ ಲಾಟ್ ಸಂಖ್ಯೆ ಸಹಿತ ಲಸಿಕೆ ದಾಖಲೆ ಮತ್ತು ಅವತ್ತು ನೀವು ಸಹಿ ಹಾಕಿದ ನಮೂನೆ, ರಾಜ್ಯದ ಲಸಿಕೆ ನೋಂದಣಿಯ ಪ್ರತಿ (ಟೆಕ್ಸಾಸ್‌ನಲ್ಲಿ ಇಮ್‌ಟ್ರ್ಯಾಕ್2, ಅದರಲ್ಲಿ ಇರಲು ನಿಮ್ಮ ಒಪ್ಪಿಗೆ ಹೋಗಿರಬೇಕು), ಲಸಿಕೆಗೆ ಮುಂಚಿನ ಮೂರು ವರ್ಷದ ಎಲ್ಲ ವೈದ್ಯಕೀಯ ದಾಖಲೆ, ಭುಜಕ್ಕೆ ಸಂಬಂಧವಿಲ್ಲದ್ದೂ ಸೇರಿ, ಎಂಆರ್‌ಐ ವರದಿ, ಪ್ರತಿ ಫಿಸಿಯೋ ಭೇಟಿಯ ಟಿಪ್ಪಣಿ. ಆಸ್ಪತ್ರೆಯ ಮೈಚಾರ್ಟ್ ಆ್ಯಪ್‌ನಿಂದ ಇಳಿಸಿಕೊಂಡ ಸಾರಾಂಶ ಸಾಲದು, ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಬರೆದು ಪೂರ್ತಿ ಕಡತ ತರಿಸಿ. ಊರಿಗೆ ಹೋದಾಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತೋರಿಸಿದ್ದರೆ ಆ ಚೀಟಿ, ಬಿಲ್ಲುಗಳೂ ದಾಖಲೆಯೇ. ನಮ್ಮಲ್ಲಿ ರೋಗಿಯ ಕೈಗೇ ಕಾಗದ ಕೊಟ್ಟುಬಿಡುತ್ತಾರೆ, ಆಸ್ಪತ್ರೆಯಲ್ಲಿ ಪ್ರತಿ ಉಳಿದಿರುವುದಿಲ್ಲ, ಎಸೆಯಬೇಡಿ. ಲಸಿಕೆಯ ಅಡ್ಡಪರಿಣಾಮ ವರದಿ ಮಾಡುವ ವೇರ್ಸ್‌ಗೆ ಬರೆದರೆ ಒಳ್ಳೆಯದು, ಆದರೆ ಅದು ಪರಿಹಾರದ ಅರ್ಜಿಯಲ್ಲ, ಗಡುವನ್ನು ನಿಲ್ಲಿಸುವುದೂ ಇಲ್ಲ.

ವಕೀಲರ ಫೀಸಿನ ಬಗ್ಗೆ ನೀವು ಕೇಳಿಲ್ಲ, ಆದರೆ ಎಲ್ಲರೂ ಹಿಂಜರಿಯುವುದು ಅದಕ್ಕೇ. ಇಲ್ಲಿ ವಕೀಲರು ನಿಮ್ಮ ಪರಿಹಾರದಲ್ಲಿ ಪಾಲು ಕೇಳುವಂತಿಲ್ಲ, ಕಾಯ್ದೆ ಅದನ್ನು ನಿಷೇಧಿಸಿದೆ. ಅವರ ಫೀಸನ್ನು ಯೋಜನೆಯೇ ಬೇರೆಯಾಗಿ ಕೊಡುತ್ತದೆ. ಸದುದ್ದೇಶವೂ ಸಮಂಜಸ ಆಧಾರವೂ ಇದ್ದ ಅರ್ಜಿಯಾದರೆ ಸೋತರೂ ಕೊಡಬಹುದು. ‘ಗೆದ್ದರೆ ಮೂರರಲ್ಲೊಂದು ಪಾಲು’ ಎಂಬ ಒಪ್ಪಂದ ಯಾರಾದರೂ ಮುಂದಿಟ್ಟರೆ ಎದ್ದು ಬನ್ನಿ. ವಕೀಲರು ಟೆಕ್ಸಾಸ್‌ನವರೇ ಆಗಬೇಕಿಲ್ಲ, ಆ ಕೋರ್ಟಿನಲ್ಲಿ ವಾದಿಸಲು ನೋಂದಾಯಿಸಿಕೊಂಡಿದ್ದರೆ ಸಾಕು. ಪಟ್ಟಿ ಕೋರ್ಟಿನ ಬಳಿಯೇ ಇದೆ. ಅರ್ಜಿ ಶುಲ್ಕ 405 ಡಾಲರ್. ಫಾರ್ಮಸಿಯವರು ಈ ನಡುವೆ ಸ್ವಲ್ಪ ಹಣ ಕೊಟ್ಟು ಒಪ್ಪಂದಕ್ಕೆ ಸಹಿ ಕೇಳಿದರೆ ವಕೀಲರಿಗೆ ತೋರಿಸದೆ ಹಾಕಬೇಡಿ, ಅವರ ಮೇಲೆ ಸಿವಿಲ್ ದಾವೆಯನ್ನೂ ಹೂಡಬೇಡಿ. ಇವೆರಡೂ ವಿಐಸಿಪಿಯ ಬಾಗಿಲನ್ನೇ ಮುಚ್ಚಬಹುದು.

ಅರ್ಜಿ ಬಿದ್ದ ಮೇಲೆ ದಾಖಲೆ ಪೂರ್ತಿಯಿದೆಯೇ ಎಂದು ಕೋರ್ಟಿನವರು ನೋಡಿಕೊಂಡು ಸಿರ್ವಾ ಪ್ರಕರಣಗಳನ್ನು ಸಾಮಾನ್ಯವಾಗಿ ತ್ವರಿತ ವಿಭಾಗಕ್ಕೆ ಕಳಿಸುತ್ತಾರೆ. ತ್ವರಿತ ಎಂಬುದು ಹೆಸರಿಗೆ. ಎರಡು ವರ್ಷ, ಕೆಲವೊಮ್ಮೆ ಹೆಚ್ಚು, ಹಿಡಿಯುತ್ತದೆಂದು ಮನಸ್ಸಿಗೆ ಹಾಕಿಕೊಳ್ಳಿ. ಸರ್ಕಾರದ ವೈದ್ಯರು ಕಡತ ಓದಿದ ಮೇಲೆ ಒಪ್ಪುತ್ತೇವೆಯೋ ಇಲ್ಲವೋ ಎಂಬ ವರದಿ ಬರುತ್ತದೆ. ಒಪ್ಪಿದರೆ ಉಳಿಯುವುದು ಮೊತ್ತದ ಮಾತು. ಒಪ್ಪದಿದ್ದರೆ ರಾಜಿ, ಅಥವಾ ಕಾಗದದ ಮೇಲೋ ವಿಡಿಯೋ ವಿಚಾರಣೆಯಲ್ಲೋ ತೀರ್ಮಾನ. ಕೋಷ್ಟಕದ ಒಂದು ಕೊಂಡಿ ಕಳಚಿದರೂ ಲಸಿಕೆಯೇ ಕಾರಣವೆಂದು ವೈದ್ಯರ ಅಭಿಪ್ರಾಯದ ಮೂಲಕ ಸಾಬೀತು ಮಾಡುವ ದಾರಿಯಿದೆ, ಅದು ಉದ್ದದ ದಾರಿ. ನೋವು-ಸಂಕಟಕ್ಕೆ ಗರಿಷ್ಠ 2,50,000 ಡಾಲರ್. 1986ರಲ್ಲಿ ಬರೆದ ಅಂಕಿ, ಇಂದಿಗೂ ಅದೇ. ಶಸ್ತ್ರಚಿಕಿತ್ಸೆಯಿಲ್ಲದ ಭುಜಕ್ಕೆ ಸಾಮಾನ್ಯವಾಗಿ ಬರುವುದು ಹತ್ತಾರು ಸಾವಿರ ಡಾಲರ್. ಶಸ್ತ್ರಚಿಕಿತ್ಸೆ ಆಗಿದ್ದರೆ ಲಕ್ಷ ದಾಟುವುದುಂಟು. ಅದರ ಮೇಲೆ ಇನ್ಶೂರೆನ್ಸ್ ಕೊಡದ ಚಿಕಿತ್ಸೆಯ ಖರ್ಚು, ಕಳೆದುಹೋದ ಸಂಬಳ. ಕೋ-ಪೇ ರಸೀದಿ, ಫಿಸಿಯೋಗೆ ಓಡಾಡಿದ ಮೈಲಿಗಳ ಲೆಕ್ಕ ಇವತ್ತಿನಿಂದಲೇ ಬರೆದಿಡಿ.

ವೀಸಾ: ಈ ಯೋಜನೆಗೆ ಪೌರತ್ವ ಬೇಕಿಲ್ಲ, ಲಸಿಕೆ ಅಮೆರಿಕದ ನೆಲದಲ್ಲಿ ಆಗಿದ್ದರೆ ಸಾಕು. ನಡುವೆ ಊರಿಗೆ ಮರಳಿದರೂ ಪ್ರಕರಣ ನಡೆಯುತ್ತದೆ. ಕಂಪನಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಗುಟ್ಟಾಗಿರುತ್ತದೆ ಎಂದುಕೊಳ್ಳಬೇಡಿ: ಅರ್ಜಿ ಹಾಕಿದವರ ಹೆಸರು ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟವಾಗುತ್ತದೆ, ತೀರ್ಪು ಕೋರ್ಟಿನ ತಾಣಕ್ಕೆ ಹೋಗುತ್ತದೆ. ತೀರ್ಪಿನ ವೈದ್ಯಕೀಯ ವಿವರಗಳಲ್ಲಿ ಮರೆಮಾಡಬೇಕಾದದ್ದು ಇದ್ದರೆ 14 ದಿನದೊಳಗೆ ಕೋರಬೇಕು.

ಅಮ್ಮನ ವಿಷಯ ಕಷ್ಟದ್ದು. ಸರ್ಪಸುತ್ತಿನ ಲಸಿಕೆ ವಿಐಸಿಪಿಯ ಪಟ್ಟಿಯಲ್ಲೇ ಇಲ್ಲ. ಊರಿಗೆ ಹೊರಡುವ ಮುನ್ನ ಹಾಕಿಸಿಕೊಳ್ಳುವ ಟೈಫಾಯ್ಡ್, ರೇಬೀಸ್, ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆಗಳೂ ಇಲ್ಲ. ಹೆಪಟೈಟಿಸ್ ಎ, ಬಿ ಮತ್ತು ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮಿನ ಲಸಿಕೆ) ಇವೆ. ಪ್ರವಾಸಿ ವೀಸಾದಲ್ಲಿ ಬಂದ ತಾಯಿತಂದೆಯರಿಗೆ ಫ್ಲೂ ಲಸಿಕೆಯಿಂದ ಹೀಗಾಗಿದ್ದರೆ ಅವರೂ ನಿಮ್ಮಂತೆಯೇ ಅರ್ಜಿ ಹಾಕಬಹುದಿತ್ತು. ಅಮ್ಮನಿಗೆ ಉಳಿದಿರುವುದು ಟೆಕ್ಸಾಸ್ ಕಾನೂನಿನ ವೈದ್ಯಕೀಯ ನಿರ್ಲಕ್ಷ್ಯದ ದಾವೆ. ಎರಡು ವರ್ಷದ ಗಡುವು, 60 ದಿನ ಮುಂಚೆ ಲಿಖಿತ ನೋಟಿಸು, ಪ್ರತಿವಾದಿ ಉತ್ತರ ಸಲ್ಲಿಸಿದ 120 ದಿನದೊಳಗೆ ತಜ್ಞರ ವರದಿ, ಚುಚ್ಚಿದವರ ತಪ್ಪನ್ನು ಸಾಬೀತು ಮಾಡುವ ಹೊರೆ, ಎಲ್ಲ ಅವರ ಮೇಲೆಯೇ. ಶಸ್ತ್ರಚಿಕಿತ್ಸೆಯ ಮಟ್ಟದ ಹಾನಿ ಇಲ್ಲದಿದ್ದರೆ ಖರ್ಚಿಗೆ ಹೆದರಿ ವಕೀಲರು ಮುಟ್ಟುವುದು ಕಡಿಮೆ. ಅವರ ತೋಳಿನ ಮೇಲೆ ಚುಚ್ಚಿದ ಗುರುತು ಕಾಣುವ ಫೋಟೋ ಇದ್ದರೆ, ಭುಜದ ತುದಿಯಿಂದ ಅದು ಎಷ್ಟು ಕೆಳಗಿದೆ ಎಂದು ಗೊತ್ತಾದರೆ, ಒಬ್ಬ ವಕೀಲರಿಗಾದರೂ ತೋರಿಸಿ. ಸರ್ಪಸುತ್ತಿನ ಲಸಿಕೆಗೆ ಎರಡನೇ ಡೋಸ್ ಇದೆ. ಬಾಕಿಯಿದ್ದರೆ ಡಾಕ್ಟರನ್ನು ಕೇಳಿ ಇನ್ನೊಂದು ತೋಳಿಗೆ, ತೋಳನ್ನು ಭುಜದವರೆಗೆ ಪೂರ್ತಿ ಬಿಚ್ಚಿ, ಚುಚ್ಚುವವರೂ ಕುಳಿತು ಹಾಕುವಂತೆ ನೋಡಿಕೊಳ್ಳಿ.